ಮುನ್ನೂರ ಅರವತ್ತು ಬನ್ನು

ಎಣಿಕೆ ಮುನ್ನೂರ ಐವತ್ತೆಂಟಕ್ಕೆ ನಿಂತಿತು. ಆರ್ಡಿಸ್ ಬೆಣ್ಣೆ ಸವರುವ ಚಾಕುವನ್ನು ಕೆಳಗಿಟ್ಟು ಮೊದಲ ತಟ್ಟೆಯಿಂದ ಮತ್ತೆ ಎಣಿಸತೊಡಗಿದಳು. ಹನ್ನೆರಡರ ಸಾಲು, ಮೂವತ್ತು ಸಾಲು. ಕೊನೆಯ ಸಾಲಿನಲ್ಲಿ ಎರಡು ಬನ್ನಿನ ಜಾಗ ಖಾಲಿ.

"ಒರೀಸ್ಯಾ, ನೀನೇನಾದ್ರೂ ತಿಂದ್ಯಾ?"

"ಬೆಳಗ್ಗೆ ಏಳಕ್ಕೆ ಹಂದಿಮಾಂಸದ ಬನ್ನು ತಿನ್ನೋಕೆ ನನಗೇನು ಹದಿನೆಂಟಾ? ಹಲ್ಲಿನ ಸೆಟ್ಟು ಇನ್ನೂ ಪರ್ಸಲ್ಲೇ ಇದೆ ಕಣೆ."

ಬನ್ನಿನೊಳಗಿಡುವ ಸೌತೆಯ ಉಪ್ಪಿನಕಾಯಿ ಹೆಚ್ಚುತ್ತಿದ್ದ ಇನ್ನಿಬ್ಬರು ನಕ್ಕರು. ಆರ್ಡಿಸ್ ನಗಲಿಲ್ಲ. ಎಪ್ಪತ್ತೊಂಬತ್ತರ ಕಣ್ಣು, ಎಲ್ಲೋ ತಪ್ಪಿರಬೇಕು ಎಂದುಕೊಂಡು ಒದ್ದೆ ಬಟ್ಟೆ ಹಿಂಡಿ ತಟ್ಟೆಗಳ ಮೇಲೆ ಹೊದಿಸಿದಳು.

ಕೆಲ್ಡನ್ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯ ಈ ಅಡುಗೆಮನೆಯಲ್ಲಿ, ಸಾವಿನ ಊಟವೊಂದು ಸಿಗ್ನೆ ಹಾಲ್ವರ್ಸನ್ನಳ ಕೈ ತಾಗದೆ ಸಿದ್ಧವಾಗುತ್ತಿರುವುದು ಐವತ್ತು ವರ್ಷಗಳಲ್ಲಿ ಇದೇ ಮೊದಲು. ಸಿಗ್ನೆ ಈಗ ಮೇಲೆಯೇ ಇದ್ದಳು, ಬಲಿಪೀಠದ ಮುಂದೆ, ಪೆಟ್ಟಿಗೆಯೊಳಗೆ. ಇವತ್ತಿನ ಊಟ ಅವಳದೇ.

ಸೂರಿನ ಹತ್ತಿರ, ಹೊರಗಿನ ನೆಲದ ಮಟ್ಟಕ್ಕೆ ಒಂದು ಉದ್ದನೆಯ ಕಿಟಕಿ. ಅದರಲ್ಲಿ ಯಾವಾಗಲೂ ಕಾಣುವುದು ಕಾಲುಗಳು, ಚಕ್ರಗಳು ಮಾತ್ರ. ಇಷ್ಟು ವರ್ಷ ಸಿಗ್ನೆ, ಆರ್ಡಿಸ್ ಇಬ್ಬರೂ ಸಾವಿಗೆ ಬಂದವರನ್ನು ಎಣಿಸಿದ್ದು ಬೂಟುಗಳ ಲೆಕ್ಕದಲ್ಲೇ. ಈಗ ಅಲ್ಲಿ ಹುಲ್ಲಿನ ತುದಿಗಳು ಒಂದೇ ಕಡೆಗೆ ಬಾಗಿ ನಡುಗುತ್ತಿದ್ದವು.

"ಪಡುವಣ ಗಾಳಿ," ಎಂದಳು ಒರೀಸ್ಯಾ, ಯಾರಿಗೂ ಅಲ್ಲವೆಂಬಂತೆ. "ಒಣ ಗಾಳಿ."

ಆರ್ಡಿಸ್ ಕೇಳಿಸದವಳಂತೆ ಕಾಫಿ ಹಂಡೆಗೆ ನೀರು ತುಂಬಿದಳು. ಕೇಳಿಸದೇ ಏನು. ಹನ್ನೆರಡು ದಿನ ಬಿಡದೆ ಮಳೆ ಸುರಿದಿತ್ತು. ಕೊಯ್ದ ಗೋಧಿ ಹೊಲಗಳಲ್ಲಿ ಸಾಲುಸಾಲಾಗಿ ಬಿದ್ದಲ್ಲೇ ಮೊಳಕೆ ಒಡೆಯತೊಡಗಿತ್ತು. ನಿನ್ನೆ ಸಂಜೆ ಸಿಗ್ನೆಯ ಒಬ್ಬನೇ ಮಗ ಲೈಲ್ ಫೋನ್ ಮಾಡಿದ್ದ. "ನಾಳೆ ಬಿಸಿಲಂತೆ ಆಂಟಿ. ಎಲ್ಲಾ ಹೊಲಕ್ಕೆ ಇಳೀತಾರೆ. ಅಮ್ಮಂದು ಶನಿವಾರಕ್ಕೆ ಇಟ್ಕೊಳ್ಳೋಣ್ವಾ?"

ಮೂರು ದಿನ ನಿಂತು ಬೇಯಿಸಿ ಆರ್ಡಿಸ್‌ಳ ಕಾಲುಗಳು ಊದಿಕೊಂಡಿದ್ದವು. ಬನ್ನನ್ನು ಫ್ರೀಜರಿಗೆ ಹಾಕಿಡಬಹುದಿತ್ತು, ಊರಿನ ಬೇರೆ ಚರ್ಚುಗಳಲ್ಲಿ ಹಾಗೇ ಮಾಡುತ್ತಿದ್ದರು. ಆದರೆ ಸಿಗ್ನೆ ಜೀವವಿರುವವರೆಗೆ ಯಾರ ಸಾವಿಗೂ ಫ್ರೀಜರಿನ ಬನ್ನು ಬಡಿಸಿದವಳಲ್ಲ. ಅವಳದೇ ಸಾವಿಗೆ ಬಡಿಸುವುದೇ?

"ಬನ್ನು ಆಗ್ಹೋಗಿದೆ ಲೈಲ್," ಎಂದಿದ್ದಳು. "ಅಷ್ಟಕ್ಕೂ ನಿಮ್ಮಮ್ಮನಿಗೆ ಬರದೆ ಇನ್ಯಾರಿಗೆ ಬರ್ತಾರೆ? ನಾನು ಹೇಳ್ತೀನಲ್ಲ, ಕೂರೋಕೆ ಜಾಗ ಸಾಲಲ್ಲ."

"ನೀವು ಹೇಳಿದ ಹಾಗೆ ಆಂಟಿ," ಎಂದಿದ್ದ ಲೈಲ್.

ಈ ಅಡುಗೆಮನೆಯ ಲೆಕ್ಕ ತಪ್ಪಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

*

ಒಂದೇ ಒಂದು ಸಲ ತಪ್ಪಿತ್ತು. ಆಗ ಲೈಲ್ ಇನ್ನೂ ಹುಟ್ಟಿರಲಿಲ್ಲ.

ರೈಲು ನಿಲ್ದಾಣದ ಎದುರಿಗೆ ಮೂವತ್ತು ವರ್ಷ ಹೋಟೆಲು ನಡೆಸಿದ ಚೀನಾದ ವಿಂಗ್ ಸತ್ತ ಜನವರಿ. ಆಗ ಹಳಿಯ ಪಕ್ಕದಲ್ಲಿ ಧಾನ್ಯ ತುಂಬಿಡುವ ಒಂಬತ್ತು ಗೋಪುರಗಳಿದ್ದವು, ಶನಿವಾರ ಸಂಜೆ ಮುಖ್ಯರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ, ಜನಸಂಖ್ಯೆ ಐದು ಸಾವಿರ ದಾಟಿತೆಂದು ಸರ್ಕಾರ ಕೆಲ್ಡನ್ನನ್ನು ನಗರವೆಂದು ಘೋಷಿಸಿತ್ತು. ಸಿಗ್ನೆಗೆ ಮೂವತ್ತನಾಲ್ಕು. ಅಡುಗೆಮನೆಯ ಯಜಮಾನಿಕೆ ಅವಳ ಕೈಗೆ ಬಂದ ಮೇಲೆ ಅದೇ ಮೊದಲ ಸಾವು.

ಹೆಂಡತಿ ಸಮುದ್ರದಾಚೆ, ಮಕ್ಕಳಿಲ್ಲ, ಬಂಧುಗಳಿಲ್ಲ. ಇಪ್ಪತ್ತು ಬನ್ನು ಸಾಕು, ಅವನಿಗ್ಯಾರು ಬರ್ತಾರೆ ಎಂದಿದ್ದರು ಹಿರಿಯ ಹೆಂಗಸರು. ಸಿಗ್ನೆ ಧೈರ್ಯ ಮಾಡಿ ನಲವತ್ತು ಮಾಡಿದಳು.

ಹನ್ನೊಂದು ಗಂಟೆಗೆ ಕಿಟಕಿಯಲ್ಲಿ ಬೂಟುಗಳು ಕಾಣತೊಡಗಿದವು. ನಿಲ್ಲಲೇ ಇಲ್ಲ. ಹಳಿ ರಿಪೇರಿಯವರು, ಗೋಪುರದ ಹಮಾಲರು, ಯಾವುದೋ ಚಳಿಗಾಲದಲ್ಲಿ ಕೆಲಸ ಹುಡುಕಿಕೊಂಡು ರೈಲಿಳಿದು ಅವನ ಒಲೆಯ ಪಕ್ಕ ಕೂತು ಬಿಸಿ ಸೂಪು ಕುಡಿದಿದ್ದ ಆಳುಗಳು, ಅವನ ಕೈಯಿಂದ ಪುಕ್ಕಟೆ ಸೇಬಿನ ಕಡುಬು ತಿಂದು ಬೆಳೆದ ಹುಡುಗಿಯರು, ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು. ಒಳಗೆ ಜಾಗವಿಲ್ಲದೆ ಹಿಮದಲ್ಲಿ ಟೋಪಿ ತೆಗೆದು ನಿಂತರು. ಸಿಗ್ನೆ ಬನ್ನನ್ನು ಎರಡು ಮಾಡಿದಳು, ಆಮೇಲೆ ನಾಲ್ಕು ಮಾಡಿದಳು. ಬನ್ನು ಮುಗಿಯಿತು. ಕಾಫಿ ಮುಗಿಯಿತು. ಹಳಿ ಕೆಲಸದವನೊಬ್ಬ ಖಾಲಿ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಪರವಾಗಿಲ್ಲ ತಾಯಿ. ವಿಂಗ್ ನಮ್ಮನ್ನ ಒಂದು ದಿನಾನೂ ಹಸಿದ ಹೊಟ್ಟೇಲಿ ಕಳಿಸ್ಲಿಲ್ಲ, ಅದೇ ಸಾಕು," ಎಂದ. ಸಮಾಧಾನಕ್ಕೆಂದು ಆಡಿದ ಮಾತು. ಸಿಗ್ನೆ ಉಗ್ರಾಣಕ್ಕೆ ಹೋಗಿ ಹಿಟ್ಟಿನ ಚೀಲಗಳ ನಡುವೆ ಕೂತು, ಸದ್ದು ಹೊರಗೆ ಬಾರದಂತೆ ಏಪ್ರನ್ನಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆರ್ಡಿಸ್ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಾವು ಬಂಧುಗಳನ್ನ ಎಣಿಸಿದ್ವಿ ಆರ್ಡಿಸ್," ಎಂದಳು ಕೊನೆಗೆ. "ಅವನ ಕೈಯಲ್ಲಿ ಉಂಡವರನ್ನ ಎಣಿಸಬೇಕಾಗಿತ್ತು."

ಅಂದಿನಿಂದ ಅದೇ ಲೆಕ್ಕ. ಶಾಲೆಯ ಬಸ್ಸಿನ ಡ್ರೈವರಿಗೆ ಇನ್ನೂರ ಹತ್ತು, ಸೂಲಗಿತ್ತಿಗೆ ಮುನ್ನೂರು, ಜಿಪುಣನೆಂದು ಹೆಸರಾದ ಬ್ಯಾಂಕಿನವನಿಗೆ ಅರವತ್ತು. ಒಂದು ಸಲವೂ ಕಡಿಮೆ ಬೀಳಲಿಲ್ಲ.

ವಿಂಗ್ ಸಾವಿನ ಆ ದಿನ ಸಿಗ್ನೆ, ಆರ್ಡಿಸ್ ಇಬ್ಬರೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಆಮೇಲಿನ ಪ್ರತಿ ಸಾವಿಗೂ ಸಿಗ್ನೆ ಎಲ್ಲಕ್ಕಿಂತ ಮೊದಲು ಎರಡು ಬನ್ನು ತೆಗೆದು ತಟ್ಟೆಯಲ್ಲಿಟ್ಟು, ಅಂಚು ಎದ್ದುಹೋದ ನೀಲಿ ಎನಾಮೆಲ್ ಬೋಗುಣಿಯನ್ನು ಅದರ ಮೇಲೆ ಕವುಚುತ್ತಿದ್ದಳು. "ಇವೆರಡು ಲೆಕ್ಕಕ್ಕಿಲ್ಲ," ಎನ್ನುತ್ತಿದ್ದಳು. ಎಲ್ಲರೂ ಹೋದ ಮೇಲೆ, ಪಾತ್ರೆ ತೊಳೆದಾದ ಮೇಲೆ, ಹಿಂಬಾಗಿಲ ಹತ್ತಿರ ಎರಡು ಸ್ಟೂಲು ಹಾಕಿಕೊಂಡು ಕೂರುವುದು. ಸಿಗ್ನೆಗೆ ಸೌತೆಯ ಉಪ್ಪಿನಕಾಯಿ ಆಗದು. ತನ್ನ ಪಾಲಿನದನ್ನು ಬೆರಳ ತುದಿಯಲ್ಲಿ ಎತ್ತಿ ಆರ್ಡಿಸ್‌ಳ ತಟ್ಟೆಗೆ ಹಾಕುತ್ತಿದ್ದಳು. ಐವತ್ತು ವರ್ಷ, ಕೇಳದೆ, ಮಾತಿಲ್ಲದೆ.

*

ಹತ್ತೂವರೆಯಾದರೂ ಕಿಟಕಿಯಲ್ಲಿ ಬೂಟುಗಳು ಕಾಣಲಿಲ್ಲ. ಊರುಗೋಲಿನ ರಬ್ಬರ್ ತುದಿಗಳು ಕಂಡವು, ಗಾಲಿಕುರ್ಚಿಯೊಂದರ ಚಕ್ರ ಕಂಡಿತು. ವೃದ್ಧಾಶ್ರಮದ ವ್ಯಾನು ಬಂದು ಒಂಬತ್ತು ಜೊತೆ ಮೆತ್ತನೆಯ ಚಪ್ಪಲಿಗಳನ್ನು ಇಳಿಸಿ ಹೋಯಿತು. ದೂರದಿಂದ ಕಟಾವು ಯಂತ್ರಗಳ ಗುರುಗುಟ್ಟುವಿಕೆ, ಒಂದಲ್ಲ, ನಾಲ್ಕೂ ದಿಕ್ಕಿನಿಂದ.

ಆರ್ಡಿಸ್ ಏಪ್ರನ್ ಬಿಚ್ಚಿ ಮೇಲೆ ಹೋದಳು. ಪಾದ್ರಿಯಮ್ಮ ಇನ್ನೂ ಹತ್ತು ನಿಮಿಷ ಕಾಯೋಣವೆಂದು ಲೈಲ್‌ನ ಕಿವಿಯಲ್ಲಿ ಹೇಳುತ್ತಿದ್ದಳು. ಹತ್ತು ನಿಮಿಷ ಕಾದರು. ಬಾಗಿಲು ಎರಡು ಸಲ ತೆರೆಯಿತು, ಎರಡು ಸಲವೂ ಗಾಳಿ. ತೆರೆದಾಗಲೆಲ್ಲ ಲೈಲ್ ತಿರುಗಿ ನೋಡುತ್ತಿದ್ದ. ಐವತ್ತರ ಹತ್ತಿರದ ಗಂಡಸಿನದಲ್ಲ, ಶಾಲೆ ಬಿಟ್ಟ ಮೇಲೆ ಗೇಟಿನ ಬಳಿ ಅಮ್ಮನಿಗೆ ಕಾಯುವ ಹುಡುಗನ ಮುಖ ಅದು. ಆರ್ಡಿಸ್‌ಗೆ ಅವನ ಕಡೆ ನೋಡಲಾಗಲಿಲ್ಲ. ಮುಂದಿನ ಬೆಂಚಿನ ಬೆನ್ನಿಗೆ ಅಂಟಿಸಿದ ಹಿತ್ತಾಳೆಯ ಹೆಸರುಫಲಕವನ್ನೇ ನೋಡುತ್ತ ಕೂತಳು. ಬಂದವರು ನಲವತ್ತಮೂರು ಜನ. ಹಾಡು ಮೇಲೇಳಲೇ ಇಲ್ಲ, ಆರ್ಗನ್ನಿನ ಕೆಳಗೆ ಎಲ್ಲೋ ತೆವಳಿತು.

ಸ್ಮಶಾನ ಊರಿನ ಮೂಡಲಿಗೆ, ಹಳಿಯಾಚೆ. ಪೆಟ್ಟಿಗೆ ಕೆಳಗಿಳಿಯುವಾಗ ಆರ್ಡಿಸ್ ಸುತ್ತಲಿನ ಗೋರಿಕಲ್ಲುಗಳ ಕಡೆ ಮುಖ ತಿರುಗಿಸಿದಳು. ಶಾಲೆಯ ಬಸ್ಸಿನ ಡ್ರೈವರು ಅಲ್ಲಿದ್ದ. ಸೂಲಗಿತ್ತಿ ಇದ್ದಳು. ಗೋಪುರದ ಹಮಾಲರು ಒಬ್ಬರ ಪಕ್ಕ ಒಬ್ಬರು. ಮೂಲೆಯಲ್ಲಿ ವಿಂಗ್. ಸಿಗ್ನೆಯ ಕೈಯಲ್ಲಿ ಉಂಡವರನ್ನು ಆರ್ಡಿಸ್ ಸರಿಯಾಗಿಯೇ ಎಣಿಸಿದ್ದಳು. ಅವರು ಈಗ ಎಲ್ಲಿದ್ದಾರೆಂದು ಮಾತ್ರ ಯೋಚಿಸಿರಲಿಲ್ಲ.

*

ನೆಲಮಾಳಿಗೆಯಲ್ಲಿ ಮುದುಕರು ಒಂದೊಂದು ಬನ್ನು ತಿಂದರು. ಒರೀಸ್ಯಾ ಬಲವಂತ ಮಾಡಿದ್ದಕ್ಕೆ ಕೆಲವರು ಎರಡು. "ತಿನ್ನಿ ಸ್ವಾಮಿ, ಸಕ್ಕರೆ ಕಾಯಿಲೆ ನಾಳೆ ನೋಡ್ಕೊಂಡ್ರಾಯ್ತು," ಎಂದು ತಟ್ಟೆ ಹಿಡಿದು ಓಡಾಡಿದಳು. ವ್ಯಾನು ಬಂದು ಮೆತ್ತನೆಯ ಚಪ್ಪಲಿಗಳನ್ನು ಹತ್ತಿಸಿಕೊಂಡು ಹೋಯಿತು. ಮೇಜಿನ ಮೇಲೆ ಒದ್ದೆ ಬಟ್ಟೆ ಎತ್ತದ ತಟ್ಟೆಗಳು ಸಾಲಾಗಿ ಉಳಿದವು.

ಲೈಲ್ ಅಡುಗೆಮನೆಯ ಬಾಗಿಲಲ್ಲಿ ನಿಂತ. ಕೋಟು ತೆಗೆದು ತೋಳಿಗೆ ಹಾಕಿಕೊಂಡಿದ್ದ. ತಟ್ಟೆಗಳನ್ನು ನೋಡಿದ, ಒಂದು ಬನ್ನು ಎತ್ತಿಕೊಂಡ, ಕಚ್ಚಿದ. ಅಗಿಯುತ್ತಲೇ ನಿಂತ.

"ನಾನೂ ಹೋಗ್ಬೇಕು ಆಂಟಿ," ಎಂದ ಕೊನೆಗೆ. "ನೂರೈವತ್ತು ಎಕರೆ ಹಾಗೇ ಬಿದ್ದಿದೆ."

"ಹೋಗಪ್ಪ. ಅಮ್ಮ ಇದ್ದಿದ್ರೆ ಅವಳೇ ಅಟ್ಟಿರೋಳು."

ಅವನು ತಲೆಯಾಡಿಸಿದ. ಮೆಟ್ಟಿಲ ತನಕ ಹೋದವನು ನಿಂತ.

"ಶನಿವಾರ ಮಳೆಯಂತೆ," ಎಂದ.

ಅಷ್ಟೇ ಅಂದಿದ್ದು. ದೂರಿನ ದನಿಯೂ ಅಲ್ಲ. ಅವನ ಬೂಟುಗಳು ಕಿಟಕಿಯನ್ನು ದಾಟಿ ಹೋದವು. ಮಳೆಯಾದರೆ ಯಂತ್ರಗಳು ನಿಲ್ಲುತ್ತವೆ. ಯಂತ್ರಗಳು ನಿಂತರೆ ಊರಿನ ಗಂಡಸರೆಲ್ಲ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬರುತ್ತಾರೆ, ಕೂರಲು ಜಾಗ ಸಾಲುವುದಿಲ್ಲ. ಆರ್ಡಿಸ್ ಪಾತ್ರೆ ತೊಳೆಯುವ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬನ್ನು ಆಗ್ಹೋಗಿದೆ ಅಂದೆ," ಎಂದಳು. "ಬನ್ನಿಗೋಸ್ಕರ ಅವಳನ್ನ ಒಂಟಿಯಾಗಿ ಕಳಿಸಿಬಿಟ್ಟೆ ಒರೀಸ್ಯಾ."

ಒರೀಸ್ಯಾ ಕಾರಿನ ಬೀಗದ ಕೈ ತೆಗೆದುಕೊಂಡಳು. "ನಡಿ. ಡಬ್ಬಿಗೆ ತುಂಬು. ಅವರು ಬರದಿದ್ರೆ ನಾವೇ ಹೋಗೋಣ."

ಮೊದಲ ಹೊಲದಲ್ಲಿ ಎಮಿಲ್ ಡ್ರಾಗರ್ ಯಂತ್ರ ನಿಲ್ಲಿಸಿ ಏಣಿಯಿಂದ ಇಳಿದ. ಮುಖದ ತುಂಬ ಗೋಧಿಯ ಧೂಳು, ಕಣ್ಣಿನ ಕೆಳಗೆ ಮಾತ್ರ ಎರಡು ಗೆರೆ ಶುಭ್ರವಾಗಿದ್ದವು. ಬರಬೇಕಿತ್ತು ಎಂದು ಶುರುಮಾಡಿ ಮುಗಿಸಲಾರದೆ ಟೋಪಿ ತೆಗೆದ. ಬಿಸಿಲು ಕಾಣದ ಅವನ ಹಣೆ ಮಗುವಿನದರಂತೆ ಬೆಳ್ಳಗಿತ್ತು. ಅವನ ತಾಯಿ ಹೋದಾಗ ಸಿಗ್ನೆ ಅವನ ಕೋಟಿನ ಜೇಬಿಗೆ ಕಾಗದದಲ್ಲಿ ಸುತ್ತಿದ ಬನ್ನು ಇಟ್ಟಿದ್ದಳಂತೆ, ರಾತ್ರಿ ಒಬ್ಬನೇ ಇರುವವನು ಅಡುಗೆ ಮಾಡಿಕೊಳ್ಳಲಾರ ಎಂದು. ಕೂಳೆಯ ನಡುವೆ ನಿಂತು ತಿಂದ, ಮತ್ತೆ ಏಣಿ ಹತ್ತಿದ.

ಎರಡನೆಯ ಹೊಲ, ಮೂರನೆಯದು. ಎಲ್ಲ ಕಡೆ ಯಂತ್ರ ನಿಲ್ಲುವುದು, ಟೋಪಿ ತೆಗೆಯುವುದು, ಅರ್ಧಕ್ಕೆ ತುಂಡಾಗುವ ಮಾತು. ಆರ್ಡಿಸ್‌ಳ ಎದೆಯ ಭಾರ ಎಳೆಯಷ್ಟು ಇಳಿದಂತಾಯಿತು.

ಹಿಂದೆ ಹನ್ನೊಂದು ಮನೆತನಗಳು ಉಳುತ್ತಿದ್ದ ನೆಲ ಈಗ ಒಂದೇ ಹೊಲ. ಅಲ್ಲಿ ನಾಲ್ಕು ದೊಡ್ಡ ಯಂತ್ರಗಳು ಓರೆಯಾಗಿ ಸಾಲು ಹಿಡಿದು ಬರುತ್ತಿದ್ದವು. ಮುಂದಿನದು ನಿಂತಿತು. ಇಳಿದವನು ಎಳೆಯ, ಕಪ್ಪು ಕನ್ನಡಕದವನು, ಕಂಪನಿಯ ಹೆಸರಿನ ಅಂಗಿ. ಏನಾದರೂ ತೊಂದರೆಯೇ ಎಂದು ಮರ್ಯಾದೆಯಿಂದ ಕೇಳಿದ.

"ಸಾವಿನ ಊಟ," ಎಂದಳು ಆರ್ಡಿಸ್, ಡಬ್ಬಿ ತೆರೆಯುತ್ತ. "ಸಿಗ್ನೆಯದು."

"ಯಾರವರು?"

ಐವತ್ತು ವರ್ಷದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿಯೇ ಬಂದಿರಲಿಲ್ಲ.

"ಬನ್ನು ಮಾಡೋಳು," ಎಂದಳು.

ಹುಡುಗ ಒಂದು ತಿಂದ. "ಭಾಳ ಚೆನ್ನಾಗಿದೆ," ಎಂದು ಮನಸಾರೆ ಹೇಳಿ, ಉಳಿದ ಮೂವರಿಗೆಂದು ಆರು ತೆಗೆದುಕೊಂಡು ಮೇಲೆ ಹತ್ತಿದ. ಧೂಳು ಎದ್ದಿತು.

*

ಹೊತ್ತು ಮುಳುಗುವಾಗ ಒರೀಸ್ಯಾ ಅವಳನ್ನು ಚರ್ಚಿನ ಹಿಂಬಾಗಿಲಲ್ಲಿ ಇಳಿಸಿದಳು. ತಾನೂ ಬರುತ್ತೇನೆಂದಳು. ಬೇಡ, ತೊಳೆಯುವುದು ಸ್ವಲ್ಪವೇ ಇದೆ ಎಂದಳು ಆರ್ಡಿಸ್.

ತಟ್ಟೆಗಳನ್ನು ತೊಳೆದಳು, ಒರೆಸಿದಳು, ಒಂದರೊಳಗೊಂದು ಜೋಡಿಸಿದಳು. ಕಾಫಿ ಹಂಡೆಯ ತಳದ ಪುಡಿ ಚೆಲ್ಲಿದಳು. ಮೇಜು ಒರೆಸುತ್ತ ಮೂಲೆಗೆ ಬಂದಾಗ ಕೈಗೆ ಏನೋ ತಗುಲಿತು. ಅಂಚು ಎದ್ದುಹೋದ ನೀಲಿ ಬೋಗುಣಿ, ಕವುಚಿ ಇಟ್ಟದ್ದು.

ಎತ್ತಿದಳು. ತಟ್ಟೆಯಲ್ಲಿ ಎರಡು ಬನ್ನು.

ಬೆಳಗ್ಗೆ ಯಾವಾಗ ಇಟ್ಟಳೋ ಅವಳಿಗೆ ನೆನಪಿರಲಿಲ್ಲ. ಕೈ ಇಟ್ಟಿತ್ತು.

ಹಿಂಬಾಗಿಲ ಹತ್ತಿರ ಎರಡು ಸ್ಟೂಲು ಎಳೆದು ಒಂದರ ಮೇಲೆ ಕೂತಳು. ಹೊರಗೆ ಯಂತ್ರಗಳು ಇನ್ನೂ ಗುರುಗುಟ್ಟುತ್ತಿದ್ದವು, ಒಂದೊಂದಾಗಿ ದೀಪ ಹೊತ್ತಿಸಿಕೊಳ್ಳುತ್ತಿದ್ದವು. ತನ್ನ ಪಾಲಿನದನ್ನು ನಿಧಾನವಾಗಿ, ಪೂರ್ತಿ ತಿಂದಳು. ಆಮೇಲೆ ಇನ್ನೊಂದು ಬನ್ನನ್ನು ಬಿಡಿಸಿ, ಒಳಗಿದ್ದ ಸೌತೆಯ ಉಪ್ಪಿನಕಾಯಿಯನ್ನು ಬೆರಳ ತುದಿಯಲ್ಲಿ ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಬನ್ನನ್ನು ಮುಚ್ಚಿ, ಖಾಲಿ ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಬೋಗುಣಿ ಕವುಚಿದಳು.