ತಾಯಂದಿರು ಹೊರಗೆ

ಶಾಲೆಯ ಹಲ್ಲು ತಪಾಸಣೆಯ ಹೊತ್ತಿಗೆ ತಾಯಂದಿರು ಕೋಣೆಯೊಳಗೆ ಇರಕೂಡದೆಂದು ನಿಯಮ ಮಾಡಿದವರು ಡಾಕ್ಟರಮ್ಮನೇ. ಯಾವ ಮಗುವಿಗೆ ಹುಳುಕಿನ ಅಪಾಯ ಎಷ್ಟಿದೆ ಎಂದು ಅಳೆಯಲು ಬಾಯಿ ನೋಡಿದರೆ ಸಾಲದು. ದಿನಕ್ಕೆ ಎಷ್ಟು ಸಲ ಸಿಹಿ ತಿನ್ನುತ್ತದೆ, ರಾತ್ರಿ ಹಲ್ಲುಜ್ಜುತ್ತದೆಯೇ ಎಂದೆಲ್ಲ ಕೇಳಬೇಕು. ಕೇಳುವುದು ಮಗುವನ್ನು, ಉತ್ತರ ಕೊಡುವವಳು ತಾಯಿ, ಅದೂ ಹಸಿ ಸುಳ್ಳು. "ನಮ್ಮನೇಲಿ ಸಿಹಿನೇ ತರಲ್ಲ ಡಾಕ್ಟ್ರೇ" ಎನ್ನುವಾಗಲೇ ಮಗುವಿನ ಕೆನ್ನೆಯೊಳಗೆ ಚಾಕ್ಲೇಟು ಕರಗುತ್ತಿರುತ್ತದೆ.

ಆವತ್ತು ಬೆಳಿಗ್ಗೆ ಬೇಕರಿಯವಳ ಅವಳಿ ಮಕ್ಕಳಿಗೆ ಕೆಂಪು ಚೀಟಿ ಬಂತು. ಕೆಂಪೆಂದರೆ ಅಪಾಯ ಹೆಚ್ಚು. ಡಾಕ್ಟರಮ್ಮ ಹೊರಗೆ ಬಂದು ಎಲ್ಲರ ಎದುರಿಗೇ ಅವಳ ಬೆವರಿಳಿಸಿದರು. ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದೇ ಹಲ್ಲಿಗೆ ಕೇಡು ಎಂದು ಗಂಟಲು ಹರಿಯುವಂತೆ ಹೇಳಿದರು. ಅಷ್ಟಕ್ಕೇ ಸುಮ್ಮನಾಗಬಹುದಿತ್ತು.

"ನನ್ನ ಮಗಳೂ ಇಲ್ಲೇ ಎರಡನೇ ಕ್ಲಾಸು. ಅವಳಿಗೆ ಹಸಿರು ಚೀಟಿ ಬರದೇ ಇದ್ರೆ ಆಮೇಲೆ ನನ್ನ ಕೇಳಿ."

ಮೂವತ್ತು ತಾಯಂದಿರು ಕೇಳಿಸಿಕೊಂಡರು.

ಮಗಳ ಸರದಿ ಬಂದಾಗ ಡಾಕ್ಟರಮ್ಮ ಟಾರ್ಚಿಗೆ ಕೈ ಹಾಕಿದರು. ಇಪ್ಪತ್ತು ವರ್ಷದಿಂದ ಜೊತೆಗಿರುವ ನರ್ಸಕ್ಕ ಅದನ್ನು ಮೆಲ್ಲಗೆ ಎಳೆದುಕೊಂಡರು.

"ತಾಯಂದಿರು ಹೊರಗೆ."

"ನಾನು ಡಾಕ್ಟ್ರು ಅಕ್ಕಾ."

"ಈಗ ತಾಯಿ. ನಡೀರಿ."

ಡಾಕ್ಟರಮ್ಮ ಬೆಂಚಿನ ತುದಿಯಲ್ಲಿ ಕುಳಿತರು. ದಿನಕ್ಕೆ ನೂರು ಬಾಯಿ ನೋಡುವ ತಾವು ಮಗಳ ಬಾಯಿ ನೋಡಿ ನಾಲ್ಕು ತಿಂಗಳಾಯಿತೆಂದು ಆಗ ನೆನಪಾಯಿತು. ಬಾಗಿಲು ಓರೆಯಾಗಿತ್ತು, ತಾಯಂದಿರೆಲ್ಲ ಮೈಯೆಲ್ಲ ಕಿವಿಯಾಗಿದ್ದರು.

"ದಿನಕ್ಕೆ ಎಷ್ಟು ಸಲ ಸಿಹಿ ತಿಂತೀಯ ಪುಟ್ಟಿ?" ಒಳಗೆ ನರ್ಸಕ್ಕನ ದನಿ.

"ಅಮ್ಮಂಗೆ ಎಷ್ಟು ಸಲ ಫೋನ್ ಬರತ್ತೋ ಅಷ್ಟು ಸಲ."

"ಅಂದ್ರೆ?"

"ಫೋನ್ ಬಂದಾಗ ನಾನು ಗಲಾಟೆ ಮಾಡ್ಬಾರ್ದು ಅಂತ ಚಾಕ್ಲೇಟ್ ಕೊಡ್ತಾಳೆ. ನಿನ್ನೆ ಏಳು ಫೋನ್ ಬಂತು. ಎಲ್ಲಾ ಯಾರ್‍ಯಾರ್ದೋ ಹಲ್ಲುನೋವು."

ಸ್ವಲ್ಪ ಹೊತ್ತಿಗೆ ನರ್ಸಕ್ಕ ಕೆಂಪು ಚೀಟಿ ಹಿಡಿದು ಹೊರಗೆ ಬಂದರು.

"ದವಡೆ ಹಲ್ಲಲ್ಲಿ ಎರಡು ಬಿಳಿ ಮಚ್ಚೆ ಇದೆ. ಇನ್ನೂ ತೂತಾಗಿಲ್ಲ, ಈಗ್ಲೇ ನೋಡ್ಕೊಂಡ್ರೆ ಉಳಿಯತ್ತೆ. ತಾಯಿ ಅಂತ ಇರೋ ಕಡೆ ಸೈನ್ ಹಾಕಿ."

ಡಾಕ್ಟರಮ್ಮ ಸೈನ್ ಹಾಕಿದರು. ಯಾರೂ ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. ಬೇಕರಿಯವಳು ಸರಿದು ಪಕ್ಕಕ್ಕೆ ಬಂದಳು.

"ಡಾಕ್ಟ್ರೇ, ಒಂದು ಚಾಕ್ಲೇಟ್ ಕೊಟ್ರೆ ನಿಮ್ಮೋಳು ಎಷ್ಟು ಹೊತ್ತು ಸುಮ್ನಿರ್ತಾಳೆ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು.

"ಐದು ನಿಮಿಷ."

"ವಾಸಿ ಬಿಡಿ. ನಮ್ಮವು ಎರಡೂ ಸೇರಿ ಮೂರೇ ನಿಮಿಷ."

ಆಚೆಯವಳು ತನ್ನ ಮಗನಿಗೆ ದಿನಕ್ಕೆ ಎಂಟು ಚಾಕ್ಲೇಟು ಬೇಕೆಂದಳು. ಅವಳ ಪಕ್ಕದವಳು ಹತ್ತು ಎಂದಳು, ಅದೂ ಹಲ್ಲುಜ್ಜಿದ ಮೇಲೆ. ಡಾಕ್ಟರಮ್ಮ ಲೇಖನಿ ತೆಗೆದು ಬರೆದುಕೊಳ್ಳತೊಡಗಿದರು. ಇಷ್ಟು ವರ್ಷಗಳಲ್ಲಿ ತಾಯಂದಿರ ಬಾಯಿಂದ ನಿಜ ಬಂದದ್ದು ಇದೇ ಮೊದಲು.