ಮಾಂಭೇಲೆಯ ಸವತಿಯರು

ಮಾಂಭೇಲೆಗೆ ದೇವರ ನೆನಪಾದಾಗಲೆಲ್ಲ ಬಲಗೈಯ ತೋರುಬೆರಳು ತಾನಾಗಿ ಆಕಾಶದ ಕಡೆ ಏಳುತ್ತಿತ್ತು. ದೇವರ ನೆನಪೋ ಅವರಿಗೆ ಗಳಿಗೆಗೊಮ್ಮೆ ಆಗುತ್ತಿತ್ತು. ಜೊಹಾನ್ಸ್‌ಬರ್ಗಿನ ರಸ್ತೆಯಂಚಿನಲ್ಲಿ ನಿಂತು ತೋರುಬೆರಳನ್ನು ಮೇಲೆತ್ತಿದರೆ ಅದರ ಅರ್ಥ ಮಾತ್ರ ಒಂದೇ: ನಾನು ಪೇಟೆಗೆ ಹೋಗಬೇಕು. ಹೀಗಾಗಿ ಅವರು ಸೊವೆಟೊಗೆ ಬಂದ ಹೊಸದರಲ್ಲಿ, ಓರ್ಲಾಂಡೊ ಈಸ್ಟಿನ ನಮ್ಮ ಬೀದಿಯ ಮೂಲೆಯಲ್ಲಿ ಟ್ಯಾಕ್ಸಿ ವ್ಯಾನುಗಳು ಸುಮ್ಮಸುಮ್ಮನೆ ಕಿರ್ರೆಂದು ನಿಲ್ಲತೊಡಗಿದವು.

"ಹತ್ತಿ ಗೊಗೊ, ಬೇಗ ಹತ್ತಿ ಅಜ್ಜಿ! ಪೇಟೆಗೆ ತಾನೆ?"

"ಇಲ್ಲಪ್ಪ. ತಂದೆಗೆ ಸ್ತೋತ್ರ ಹೇಳ್ತಿದ್ದೆ. ಮೇಲಿದ್ದಾನಲ್ಲ, ಅವನಿಗೆ."

"ಅಲ್ಲಿಗೆ ನನ್ನ ಗಾಡಿಗೆ ಪರ್ಮಿಟ್ ಇಲ್ಲ ಗೊಗೊ! ಹಿಂದೆ ಬರ್ತಿದ್ದಾನಲ್ಲ, ಅವನು ಓಡಿಸೋದು ನೋಡಿದ್ರೆ ನಿಮ್ಮನ್ನ ಇವತ್ತೇ ತಲುಪಿಸ್ತಾನೆ, ಅವನನ್ನ ಕೇಳಿ!"

ನಮ್ಮ ಟ್ಯಾಕ್ಸಿಗಳಿಗೆ ಬೋರ್ಡು ಇಲ್ಲ, ನಮ್ಮ ಕೈಯೇ ಬೋರ್ಡು. ಬೆರಳು ಕೆಳಗೆ ಮಾಡಿದರೆ ಇಲ್ಲೇ ಹತ್ತಿರಕ್ಕೆ. ಕಿತ್ತಳೆ ಹಣ್ಣು ಹಿಡಿದಂತೆ ಅಂಗೈ ಬಟ್ಟಲು ಮಾಡಿದರೆ ಆರೆಂಜ್ ಫಾರ್ಮಿಗೆ. ನಾಲ್ಕು ಬೆರಳು ಎತ್ತಿದರೆ ಫೋರ್‌ವೇಸಿಗೆ. ಇಲ್ಲಿ ಹುಟ್ಟಿದ ಮಗು ಹಾಲು ಕೇಳುವುದನ್ನೂ ಇದನ್ನೂ ಒಟ್ಟಿಗೇ ಕಲಿಯುತ್ತದೆ. ಪೂರ್ವದ ಗುಡ್ಡಸೀಮೆಯ ತ್ಸೋಲೊದಿಂದ, ಅರವತ್ತು ದಾಟಿದ ಮೇಲೆ ಬಂದಿಳಿದ ಮಾಂಭೇಲೆ ಅದನ್ನು ಹೊಸ ಭಾಷೆಯೊಂದನ್ನು ಕಲಿಯುವ ಹುರುಪಿನಲ್ಲಿ ಕಲಿತರು. ಆದರೆ ದೇವರಿಗೆ ಎತ್ತುವ ಬೆರಳನ್ನು ಕೆಳಗಿಳಿಸಲು ಒಪ್ಪಲಿಲ್ಲ. "ಡ್ರೈವರುಗಳಿಗಿಂತ ಮೊದಲಿಂದ ಈ ಬೆರಳು ಅವನದು" ಎನ್ನುತ್ತಿದ್ದರು.

ಅವರ ಹೆಸರು ನೊಝುಕೊ. ಭೇಲೆ ಕುಲದ ಮಗಳಾದ್ದರಿಂದ ಊರಿಗೆಲ್ಲ ಮಾಂಭೇಲೆ. ಎತ್ತರದ, ಎಲುಬು ಗಟ್ಟಿಯಾದ ಹೆಂಗಸು. ಜೀವಮಾನವಿಡೀ ಗುಡ್ಡ ಹತ್ತಿದ ಕಾಲುಗಳಿಗೆ ಸಮನೆಲದ ಮೇಲೆ ನಂಬಿಕೆಯಿರಲಿಲ್ಲವೋ ಏನೋ, ನಮ್ಮ ಸಪಾಟು ಬೀದಿಗಳಲ್ಲೂ ಅವರು ಮುಂದಕ್ಕೆ ಬಾಗಿ, ತೊಡೆಯ ಮೇಲೆ ಒಂದು ಕೈಯೂರಿ, ಕಾಣದ ಏರನ್ನು ಏರುವವರಂತೆ ನಡೆಯುತ್ತಿದ್ದರು. ಚಳಿಗಾಲ ಬಂತೆಂದರೆ, ತೀರಿಹೋದ ಗಂಡನ ಕಂದು ಓವರ್‌ಕೋಟು ಮೈಮೇಲಿರುತ್ತಿತ್ತು. ತೋಳು ಉದ್ದವಾಗಿ ಬೆರಳ ತುದಿಯಷ್ಟೇ ಹೊರಗೆ ಕಾಣುತ್ತಿತ್ತು. ಗುರುವಾರ ಮಾತ್ರ ಎಂಥ ಚಳಿಯಿದ್ದರೂ ಕೋಟು ಇಲ್ಲ. ಗುರುವಾರ ತಾಯಂದಿರ ಪ್ರಾರ್ಥನಾಕೂಟದ ದಿನ; ಕೆಂಪು ರವಿಕೆ, ಬಿಳಿ ಕಾಲರು, ಕಪ್ಪು ಲಂಗದ ನಮ್ಮ ಸಮವಸ್ತ್ರವನ್ನು ಅವರು ರಾಜಮುದ್ರೆಯಂತೆ ಧರಿಸುತ್ತಿದ್ದರು.

ಕೂಟ ಮುಗಿದು ಚಹಾಕ್ಕೆ ಕೂತ ಒಂದು ಮಧ್ಯಾಹ್ನ ನನ್ನ ಪಕ್ಕದ ಮನೆಯ ಮಾಸಿತೋಲೆ ಕೇಳಿದರು. ಮಾಸಿತೋಲೆಯ ನಾಲಿಗೆಗೆ ಪ್ರಾರ್ಥನೆಯ ಹೊತ್ತಿನಲ್ಲಷ್ಟೇ ರಜೆ.

"ಅಲ್ಲ ಮಾಂಭೇಲೆ, ವಾರಕ್ಕೊಂದು ಕಡೆ ಹೊರಡ್ತೀರಲ್ಲ ಕೋಳಿ ಹುಡುಕೋರ ಹಾಗೆ. ಹೋದ ವಾರ ಕ್ಲಿಪ್‌ಟೌನು, ಅದರ ಹಿಂದಿನ ವಾರ ಜರ್ಮಿಸ್ಟನ್ನು. ಅಲ್ಲೇನಿದೆ ನಿಮಗೆ?"

"ಸವತಿಯರು."

ಯಾರದೋ ಕೈಯಲ್ಲಿ ಬಟ್ಟಲು ಟಣ್ಣೆಂದಿತು.

"ಎಷ್ಟು ಜನ?" ಮಾಸಿತೋಲೆಯ ಕಣ್ಣು ಅರಳಿತು.

"ಯಾರಿಗೆ ಗೊತ್ತು. ಇನ್ನೂ ನೋಡ್ತಾ ಇದ್ದೀನಿ."

ಆಮೇಲೆ ವಿಷಯ ತಿಳಿಯಿತು. ಅವರ ಗಂಡ ವೆಲಿಲೆ ಇಲ್ಲಿಯ ಚಿನ್ನದ ಗಣಿಯಲ್ಲಿ ಯೌವನವನ್ನೆಲ್ಲ ಕಳೆದವನು. ಗಂಡಸರ ಕೈಕಾಲು ಬೇಕಿದ್ದ ಆ ಕಾಲದ ಬಿಳಿಯರ ಕಾನೂನಿಗೆ ಅವರ ಹೆಂಡಂದಿರು ಬೇಕಿರಲಿಲ್ಲ. ಪರವಾನಗಿಯಿಲ್ಲದ ಹೆಂಗಸು ಈ ಊರಿನಲ್ಲಿ ಕಾಲಿಡುವಂತಿರಲಿಲ್ಲ. ವೆಲಿಲೆ ಕ್ರಿಸ್‌ಮಸ್ಸಿಗೆ ಊರಿಗೆ ಬಂದಾಗ, ಒಲೆಯ ಮುಂದೆ ಕೂತು ಮಾತಾಡುತ್ತಿದ್ದುದು ಊರಿನ ದನಕರುಗಳ ಬಗ್ಗೆಯಲ್ಲ. ಜರ್ಮಿಸ್ಟನ್ನು, ಕ್ಲಿಪ್‌ಟೌನು, ಫೋರ್ಡ್ಸ್‌ಬರ್ಗು, ಹಿಲ್‌ಬ್ರೋ, ಅಲೆಕ್ಸಾಂಡ್ರ ಎಂದು ಇಲ್ಲಿಯ ಬಡಾವಣೆಗಳ ಹೆಸರು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನ ಮುಖ ಬೆಳಗುತ್ತಿತ್ತಂತೆ. ಜನವರಿಯಲ್ಲಿ ಹೊರಟುಬಿಡುತ್ತಿದ್ದ.

"ಆ ಹೆಸರುಗಳು ಅಂದ್ರೆ ನನಗೆ ಮೈ ಉರೀತಿತ್ತು" ಎಂದರು ಮಾಂಭೇಲೆ. "ರೊಟ್ಟಿ ತಟ್ಟುವಾಗ ಒಂದೊಂದು ಹೆಸರಿಗೆ ಒಂದೊಂದು ಏಟು ಹಾಕ್ತಿದ್ದೆ. ಈಗ ಅವನಿಲ್ಲ. ಇನ್ನು ಜಗಳ ಏನು? ಮುಖ ನೋಡಿ ಬರೋಣ ಅಂತ."

ಹಾಗೆ ನೋಡಲು ಹೊರಟವರಿಗೆ ಊರು ಹುಚ್ಚು ಹಿಡಿಸಿತು. ಟ್ಯಾಕ್ಸಿಯಿಂದ ಇಳಿದು, ಲಂಗ ಕೊಡವಿ, ರಸ್ತೆಯ ಮಧ್ಯೆ ನೆಟ್ಟಗೆ ನಿಂತು, "ಏನಮ್ಮ, ಚೆನ್ನಾಗಿದ್ದೀಯಾ? ನಾನು ದೊಡ್ಡ ಹೆಂಡತಿ ಬಂದಿದ್ದೀನಿ" ಎಂದು ಆ ಬಡಾವಣೆಗೇ ಹೇಳುತ್ತಿದ್ದರು. ಮರುದಿನ ನಮಗೆ ವರದಿ. ಜರ್ಮಿಸ್ಟನ್ ಮುಂಗೋಪಿ, ಹೊಗೆ ಕುಡಿದು ಗಂಟಲು ಕೆಡಿಸಿಕೊಂಡಿದ್ದಾಳೆ, ಆದರೆ ದುಡಿದು ಮಕ್ಕಳನ್ನು ಸಾಕಿದವಳು. ಕ್ಲಿಪ್‌ಟೌನಿಗೆ ಕಾಲಲ್ಲಿ ಚಪ್ಪಲಿಯಿಲ್ಲ, ಆದರೂ ಬಾಯ್ತುಂಬ ಹಾಡು. ಹಿಲ್‌ಬ್ರೋ ನಡುಮಧ್ಯಾಹ್ನವೇ ತುಟಿಗೆ ಬಣ್ಣ ಹಚ್ಚಿ ಕಿಟಕಿಯಲ್ಲಿ ನಿಂತಿರುತ್ತಾಳೆ, ಆದರೂ ದಾರಿಹೋಕರಿಗೆ ನೀರು ಕೊಡುತ್ತಾಳೆ. ಫೋರ್ಡ್ಸ್‌ಬರ್ಗಿನಲ್ಲಿ ಇಡೀ ಬೀದಿಯೇ ಮಸಾಲೆ ಹುರಿಯುತ್ತಿರುತ್ತದೆ. "ಇವಳು ಅವನನ್ನ ಹೊಟ್ಟೆಯಿಂದ ಹಿಡಿದಿದ್ದಳು, ಈಗ ಗೊತ್ತಾಯ್ತು" ಎಂದು ಮಾಂಭೇಲೆ ತಂದ ಸಮೋಸಗಳನ್ನು ನಮಗೆಲ್ಲ ಹಂಚಿದರು. ಈ ಊರಿನಲ್ಲೇ ಹುಟ್ಟಿ ಬೆಳೆದ ನಾವು ಬಾಯಲ್ಲಿ ಸಮೋಸ ಇಟ್ಟುಕೊಂಡು, ನಮ್ಮದೇ ಊರಿನ ಸುದ್ದಿಯನ್ನು ಹೊರಗಿನವರಂತೆ ಕೇಳುತ್ತ ಕೂತಿರುತ್ತಿದ್ದೆವು.

ಈ ತಿರುಗಾಟ ಇಷ್ಟವಾಗದಿದ್ದುದು ಮಗಳು ವುಯೊಕಾಜಿಗೆ. ಅವಳು ಆಸ್ಪತ್ರೆಯೊಂದರ ಅಪಘಾತ ವಿಭಾಗದಲ್ಲಿ ನರ್ಸು. ತಾಯಿ ಈ ಊರನ್ನು ಅದರ ಮುಖಗಳಿಂದ ಬಲ್ಲವರಾದರೆ ಮಗಳು ಗಾಯಗಳಿಂದ ಬಲ್ಲವಳು. ಚೂರಿಯ ಇರಿತ ತಿಂದವರು, ಗುದ್ದಿಸಿಕೊಂಡವರು, ದೋಚಿಸಿಕೊಂಡವರು ಅವಳ ಕೈಯ ಮೇಲೆಯೇ ಹಾದುಹೋಗುತ್ತಿದ್ದರು. ಅವಳಿಗೆ ಮನೆಯಿಂದ ಆಸ್ಪತ್ರೆಗೆ ಹೋಗುವ ರಸ್ತೆ ಗೊತ್ತು, ಆಸ್ಪತ್ರೆಯಿಂದ ಮನೆಗೆ ಬರುವ ರಸ್ತೆ ಗೊತ್ತು. ಮಾಂಭೇಲೆ ಒಂದು ಸಂಜೆ ತಪ್ಪು ಗಾಡಿ ಹತ್ತಿ ಲೆನೇಷಿಯಾದಲ್ಲಿ ಸಿಕ್ಕಾಗ ಅವಳ ಸಹನೆ ಮುಗಿಯಿತು.

"ಸಾಕಮ್ಮ. ಶನಿವಾರ ಊರ ಕಡೆ ಹೋಗೋ ಉಮ್ಟಾಟದ ಬಸ್ಸಿಗೆ ಹತ್ತಿಸ್ತೀನಿ. ಅಲ್ಲಾದ್ರೆ ನೀನು ಹಸುವಿನ ಹಿಂದೆ ಹೋಗ್ತೀಯ, ಹಸು ನಿನ್ನನ್ನ ಮನೆಗೆ ಕರ್ಕೊಂಡು ಬರತ್ತೆ."

"ಅಲೆಕ್ಸಾಂಡ್ರ ಒಂದು ಉಳಿದಿದೆ ಮಗಾ. ನಿಮ್ಮಪ್ಪ ಆ ಹೆಸರು ಹೇಳುವಾಗ ದನಿ ಇಳಿಸ್ತಿದ್ದ. ಅದಕ್ಕೇ ಕೊನೆಗೆ ಇಟ್ಟುಕೊಂಡಿದ್ದೆ."

ಕೊನೆಗೆ ಒಂದು ಕರಾರು ಆಯಿತು. ಗುರುವಾರ ಒಬ್ಬರೇ ಅಲೆಕ್ಸಾಂಡ್ರಕ್ಕೆ ಹೋಗಿ ಹೊತ್ತು ಮುಳುಗುವುದರೊಳಗೆ ಮನೆ ಸೇರಿದರೆ ಈ ಊರಿನಲ್ಲೇ ಇರಬಹುದು. ಸೇರದಿದ್ದರೆ ಶನಿವಾರದ ಬಸ್ಸು.

ಆ ಗುರುವಾರ ನಮ್ಮ ಪ್ರಾರ್ಥನೆಯಲ್ಲಿ ಅಲೆಕ್ಸಾಂಡ್ರ ಎಂಬ ಹೆಸರು ಬಹಳ ಸಲ ಬಂತು. ಅಲ್ಲಿ ನಡೆದದ್ದನ್ನು ಮಾಂಭೇಲೆ ಆಮೇಲೆ ನನಗೆ ಒಂದಲ್ಲ ಹತ್ತು ಸಲ ಹೇಳಿದ್ದಾರೆ. ಪ್ರತಿ ಸಲವೂ ನಿಂತುಕೊಂಡೇ ಹೇಳುತ್ತಾರೆ, ಕೂತು ಹೇಳುವ ಕಥೆ ಅದಲ್ಲ.

ಪೇಟೆಯಲ್ಲಿ ಗಾಡಿ ಬದಲಾಯಿಸಿ, ಯಾರನ್ನೂ ಕೇಳದೆ, ಮಧ್ಯಾಹ್ನಕ್ಕೆ ಮೊದಲೇ ಅಲೆಕ್ಸಾಂಡ್ರದಲ್ಲಿ ಇಳಿದರು. ಒಂದರ ಹೆಗಲ ಮೇಲೊಂದು ಕೈಯಿಟ್ಟು ನಿಂತ ಮನೆಗಳು, ಬೀದಿಯಲ್ಲಿ ಹೊತ್ತಿದ ಒಲೆಗಳು, ಅದರ ನಡುವೆಯೇ ಕೂದಲು ಹೆಣೆಯುವವರು, ಆಡು ಕಟ್ಟುವವರು. ವೆಲಿಲೆಯ ಹೆಸರು ಹೇಳಿ ವಿಚಾರಿಸಿದ ಮೇಲೆ, ಅವನ ದಾಯಾದಿ ಅಣ್ಣನ ವಿಧವೆ ನೊಬಾಂಟು ಇದ್ದ ಅಂಗಳ ಸಿಕ್ಕಿತು. ಕುಳ್ಳಗೆ, ದುಂಡಗೆ, ಹಲ್ಲಿಲ್ಲದ ಮುದುಕಿ. ಬಾಗಿಲಲ್ಲಿ ನಿಂತ ಮಾಂಭೇಲೆಯನ್ನು ಕೆಳಗಿಂದ ಮೇಲಕ್ಕೆ ನೋಡಿ ಆಕೆ ಕೂಗಿಕೊಂಡಳು:

"ಅಯ್ಯೋ! ನೀನೇನಾ ಆ ಗುಡ್ಡದವಳು?"

"ಯಾವ ಗುಡ್ಡದವಳು?"

"ಯಾವ ಗುಡ್ಡದವಳಂತೆ! ಭಾನುವಾರ ಬಂತು ಅಂದ್ರೆ ವೆಲಿಲೆ ಇದೇ ಮೆಟ್ಟಿಲ ಮೇಲೆ ಕೂತು ನಿನ್ನ ಪುರಾಣ ಶುರು ಮಾಡ್ತಿದ್ದನಲ್ಲ. ನಿನ್ನ ಹುಳಿಗಂಜಿ, ನಿನ್ನ ನಡಿಗೆ, ನೀನು ಹೊಳೆ ದಾಟಿದ್ದು, ನೀನು ಅವನ ತಮ್ಮನಿಗೆ ಬೈದಿದ್ದು. ನಾವು ಕೇಳಿ ಕೇಳಿ ಕಿವಿ ತೂತಾಗಿ ಹೋಗಿತ್ತು. 'ಇಲ್ಲಿ ಇಷ್ಟು ಚೆಂದದ ಹೆಂಗಸರಿದ್ದಾರೆ, ಕಣ್ಣು ಬಿಟ್ಟು ನೋಡೋ' ಅಂದ್ರೆ, 'ತ್ಸೋಲೊದಲ್ಲಿ ಮಳೆ ಬಂತೋ ಇಲ್ಲವೋ' ಅಂತಿದ್ದ!"

ಇಡೀ ಜೊಹಾನ್ಸ್‌ಬರ್ಗೇ ತನ್ನ ಸವತಿ ಎಂದುಕೊಂಡಿದ್ದವರು, ಜೊಹಾನ್ಸ್‌ಬರ್ಗಿಗೆ ತಾನೇ ಸವತಿಯಾಗಿದ್ದುದನ್ನು ಆ ಮೆಟ್ಟಿಲ ಮೇಲೆ ಕೂತು ತಿಳಿದರು. ನೊಬಾಂಟು ಬೇಯಿಸಿ ಕೊಟ್ಟ ಹಿಟ್ಟಿನ ಉಂಡೆಯನ್ನು ಸಾರಿನಲ್ಲಿ ಅದ್ದಿ ತಿಂದರು, ಅತ್ತರು, ನಕ್ಕರು, ಇನ್ನೊಂದು ಉಂಡೆ ಹಾಕಿಸಿಕೊಂಡರು. ಸೂರ್ಯ ವಾಲುವ ಮುಂಚೆ ಎದ್ದುಬಂದು ರಸ್ತೆಯಾಚೆ ನಿಂತರು. ಮೈಯೆಲ್ಲ ಹಗುರ, ಮನಸ್ಸೆಲ್ಲ ಹಾಡು. ಈಚೆ ದಡದಲ್ಲಿ ನಿಂತು ಬೀಳ್ಕೊಡುತ್ತಿದ್ದ ನೊಬಾಂಟು, ಗಾಡಿಗಳ ಗದ್ದಲದ ಮೇಲಿಂದ ಕೂಗಿ ಕೇಳಿದಳು:

"ಮೊಮ್ಮಕ್ಕಳೆಷ್ಟೇ ನಿಂಗೆ?"

ಮಾಂಭೇಲೆ ಹೆಮ್ಮೆಯಿಂದ ನಾಲ್ಕು ಬೆರಳು ಎತ್ತಿದರು.

ಟ್ಯಾಕ್ಸಿ ಬಂದು ನಿಂತಿತು. "ಬೇಗ ಗೊಗೊ, ಹಿಂದೆ ಹಾರನ್ ಹೊಡೀತಿದ್ದಾರೆ!" ಬಾಗಿಲು ತೆರೆಯಿತು, ಯಾರೋ ಕೈಹಿಡಿದು ಎಳೆದುಕೊಂಡರು, ಮಾಂಭೇಲೆ ಒಳಗೆ. ಎಲ್ಲರಿಗೂ ನಮಸ್ಕಾರ ಹೇಳಿ, ಕೂತು, ಪೇಟೆ ಯಾವಾಗ ಬಂದೀತೆಂದು ಕಿಟಕಿಯಲ್ಲಿ ನೋಡುತ್ತಿದ್ದರೆ, ಬಂದದ್ದು ಗಾಜಿನ ಕಟ್ಟಡಗಳು, ಆಮೇಲೆ ಹಸಿರು ಹುಲ್ಲು, ಆಮೇಲೆ ಮುಗಿಯದ ಎತ್ತರದ ಗೋಡೆಗಳು, ಗೋಡೆಯ ಮೇಲೆ ತಂತಿ, ತಂತಿಯ ಮೇಲೆ ಬಾಗಿದ ನೇರಳೆ ಹೂವಿನ ಮರಗಳು.

"ಇದ್ಯಾವುದಪ್ಪ ಊರು?"

"ಫೋರ್‌ವೇಸ್ ಗೊಗೊ. ನೀವೇ ಕೈ ತೋರಿಸಿದ್ದಲ್ಲ?"

"ಅದು ನನ್ನ ಮೊಮ್ಮಕ್ಕಳು ಕಣೋ!"

ಗಾಡಿ ತುಂಬ ನಗು ಎದ್ದಿತಂತೆ. ಡ್ರೈವರಂತೂ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಮಾಂಭೇಲೆ ಇಳಿದು ನಿಂತರು. ಹೊತ್ತು ಜಾರುತ್ತಿತ್ತು. ಶನಿವಾರದ ಬಸ್ಸು ಎದೆಯೊಳಗೇ ಬಂದು ನಿಂತಿತ್ತು. ಆದರೆ ಆ ಭಯದ ನಡುವೆಯೇ ಇನ್ನೊಂದು ಯೋಚನೆ ಮಿಂಚಿತು: ಈ ಹೆಸರನ್ನು ವೆಲಿಲೆ ಎಂದೂ ಹೇಳಿರಲಿಲ್ಲ. ಅವನು ಇದ್ದಾಗ ಇಲ್ಲಿ ಬರೀ ಹುಲ್ಲಿತ್ತೇನೋ. ಇದು ಅವನು ನೋಡದ ಊರು. ಯಾರ ಬಾಯಿಂದಲೂ ಕೇಳದೆ, ಯಾರ ಮೇಲಿನ ಸಿಟ್ಟಿಗೂ ಅಲ್ಲದೆ, ತಾನು ಮೊದಲು ಕಾಲಿಟ್ಟ ಊರು. ಆ ಹಿಗ್ಗಿನಲ್ಲಿ ಅವರು ಲಂಗ ಕೊಡವಿಕೊಂಡು ಸುತ್ತ ನೋಡಿದರಂತೆ.

ಅಷ್ಟರಲ್ಲಿ ಎಲ್ಲಿಂದಲೋ ಹಾಡು ಕೇಳಿತು. ರಸ್ತೆ ಬದಿಯ ಮರದ ಕೆಳಗೆ, ಗೋಡೆಗಳ ಹಿಂದಿನ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರು ಕೆಂಪು ರವಿಕೆ ತೊಟ್ಟು ತಮ್ಮ ಗುರುವಾರದ ಪ್ರಾರ್ಥನೆಗೆ ಸೇರಿದ್ದರು. ಮಾಂಭೇಲೆ ಅದೇ ರವಿಕೆಯಲ್ಲಿ ನಡೆದುಹೋಗಿ ಎರಡನೆಯ ಸಾಲಿನಲ್ಲಿ ನಿಂತು ಹಾಡಿಗೆ ದನಿಗೂಡಿಸಿದರು. ಯಾರೂ ಯಾರೆಂದು ಕೇಳಲಿಲ್ಲ. ಪಕ್ಕದವಳು ಸ್ವಲ್ಪ ಸರಿದು ಜಾಗ ಕೊಟ್ಟಳು, ಅಷ್ಟೆ. ಪ್ರಾರ್ಥನೆ ಮುಗಿಯುವ ಮೊದಲು ಹೊರಟಿದ್ದರೆ ಬೆಳಕಿದ್ದಾಗಲೇ ಮನೆ ಸೇರಬಹುದಿತ್ತು. "ಆಮೆನ್ ಹೇಳದೆ ಹೇಗೆ ಎದ್ದುಬರೋದು ಹೇಳು?" ಎಂದು ನನ್ನನ್ನೇ ಕೇಳಿದರು.

ಅವರು ನಮ್ಮ ಬೀದಿಯ ಮೂಲೆಯಲ್ಲಿ ಇಳಿದಾಗ ಹೊತ್ತು ಮುಳುಗಿ ಒಲೆಗಳ ಹೊಗೆ ಬೀದಿಗೆ ಇಳಿದಿತ್ತು. ವುಯೊಕಾಜಿ, ಮಾಸಿತೋಲೆ, ನಾನು ಮೂವರೂ ಅಲ್ಲೇ ನಿಂತಿದ್ದೆವು. ಮಗಳ ಸಮವಸ್ತ್ರ ಇನ್ನೂ ಮೈಮೇಲಿತ್ತು, ಕಣ್ಣು ಕೆಂಪಾಗಿತ್ತು.

"ಕಳೆದುಹೋಗಿದ್ಯಾ?"

"ತಪ್ಪಿ ಹೋಗಿದ್ದೆ ಮಗಾ. ಕಳೆದುಹೋಗಿರಲಿಲ್ಲ."

"ಎರಡೂ ಒಂದೇ ಅಮ್ಮ!"

"ಅಲ್ಲ. ಕಳೆದುಹೋದವರಿಗೆ ತಾವೆಲ್ಲಿದ್ದೀವಿ ಅಂತ ಗೊತ್ತಿರಲ್ಲ. ನನಗೆ ಗೊತ್ತಿತ್ತು. ಫೋರ್‌ವೇಸಲ್ಲಿದ್ದೆ."

"ಫೋರ್‌ವೇಸಾ?" ಮಾಸಿತೋಲೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಲ್ಲಿ ಮನೆ ಏನಾದ್ರೂ ನೋಡಿ ಬಂದ್ರಾ, ಕೊಂಡ್ಕೊಳ್ಳೋಕೆ?"

ಮಾಂಭೇಲೆ ಮಾಸಿತೋಲೆಯ ಕಡೆ ತಿರುಗಲಿಲ್ಲ. ಮಗಳ ಕೈ ಹಿಡಿದು, ಮಾತು ಒಂದರ ಮೇಲೊಂದು ಬೀಳುವಂತೆ ಹೇಳಿದರು: "ನಿಮ್ಮಪ್ಪ ಇಲ್ಲಿ ನನ್ನ ಬಗ್ಗೆ ಮಾತಾಡ್ತಿದ್ದನಂತೆ ಕಣೇ, ಭಾನುವಾರ ಭಾನುವಾರ. ಅದನ್ನ ಕೇಳಿ ಬಂದೆ. ಹೊತ್ತು ಮೀರಿತು, ಒಪ್ತೀನಿ. ಮಾತು ಮಾತೇ. ಶನಿವಾರ ಕಳಿಸು, ಹೋಗ್ತೀನಿ. ಆದ್ರೆ ಆ ನೇರಳೆ ಹೂವಿನ ಮರಗಳನ್ನ ನೀನು ಒಂದು ಸಲ ನೋಡಬೇಕು. ಬೀದಿಯ ಉದ್ದಕ್ಕೂ ಹೂವು ಉದುರಿರತ್ತೆ, ಕಾಲಿಡೋಕೆ ಮನಸ್ಸಾಗಲ್ಲ."

ವುಯೊಕಾಜಿ ತಾಯಿಯ ಕಾಲರನ್ನು ಸರಿಮಾಡಿದಳು. ಸರಿಯಾಗಿಯೇ ಇದ್ದ ಕಾಲರನ್ನು ಮತ್ತೆ ಮತ್ತೆ ಸರಿಮಾಡಿದಳು.

"ಇಷ್ಟು ವರ್ಷ ಈ ಊರಲ್ಲಿ ನಾನು ನೋಡಿದ ಮರ ಅಂದ್ರೆ ಆಸ್ಪತ್ರೆ ಗೇಟಿನ ಹತ್ತಿರದ್ದೊಂದೇ" ಎಂದಳು. ಆಮೇಲೆ, ಯಾರಿಗೋ ಬೈಯುವ ದನಿಯಲ್ಲಿ, "ಮುಂದಿನ ಗುರುವಾರ ನಂಗೆ ರಜೆ" ಎಂದಳು.

ಶನಿವಾರ ಉಮ್ಟಾಟದ ಬಸ್ಸು ಮಾಂಭೇಲೆಯಿಲ್ಲದೆ ಹೊರಟಿತು.

ಇಂಥ ಹೆಂಗಸರನ್ನು ನಮ್ಮ ಕೂಟದಲ್ಲಿ ನಾನು ಆಗಾಗ ಕಂಡಿದ್ದೇನೆ. ಬರಬೇಕಾದ ವಯಸ್ಸಿನಲ್ಲಿ ಕಾನೂನು ಬರಗೊಡದೆ, ಇನ್ನು ಮೂಲೆಯಲ್ಲಿ ಕೂರಬೇಕೆಂದು ಲೋಕ ಹೇಳುವ ವಯಸ್ಸಿನಲ್ಲಿ ಈ ಊರಿಗೆ ಬಂದವರು. ದುಡಿಯಲು ಬಂದವನಿಗೆ ಊರು ದುಡಿಮೆಯಷ್ಟೇ ಕಾಣುತ್ತದೆ, ಹೆದರಿದವನಿಗೆ ಹೆದರಿಕೆಯಷ್ಟೇ. ಇಲ್ಲೇ ಹುಟ್ಟಿದ ನಮಗೆ ಅದು ಕಾಣುವುದೇ ಇಲ್ಲ. ಏನನ್ನೂ ಗಳಿಸಲೆಂದು ಬಂದಿರದ ಇವರ ಕಣ್ಣಿಗೆ ಮಾತ್ರ ದೇವರು ಇಡೀ ಊರನ್ನು ತೆರೆದು ತೋರಿಸುತ್ತಾನೆಂದು ನಾನು ನಂಬಿದ್ದೇನೆ. ಊರು ಯಾರದು ಎಂಬ ಪ್ರಶ್ನೆ ಬಂದಾಗ, ಕಟ್ಟಿದವರದೋ ಹುಟ್ಟಿದವರದೋ ಎಂದು ನಾವು ದನಿಯೇರಿಸಿ ವಾದಿಸುತ್ತೇವೆ. ಆ ವಾದದಲ್ಲಿ ಇವರ ದನಿ ಕೇಳಿಸುವುದಿಲ್ಲ. ಅಷ್ಟು ಹೊತ್ತಿಗೆ ಇವರು ಮುಂದಿನ ಟ್ಯಾಕ್ಸಿ ಹತ್ತಿ, ಕಿಟಕಿಯ ಪಕ್ಕದ ಜಾಗ ಹಿಡಿದು ಕೂತಿರುತ್ತಾರೆ.