ತೆಗೆಯದೆ ಬಿಟ್ಟ ಹನ್ನೆರಡು ಅಂಕಿ

ಕೊಯಮತ್ತೂರಿನ ಆ ನೂಲಿನ ಕಂಪನಿಗೆ ಕಂಪ್ಯೂಟರ್ ಬಂದು ಮೂರು ವರ್ಷವಾಗಿತ್ತು. ೧೯೮೭ರ ಹೊತ್ತಿಗೆ ಅದರೊಳಗಿನ ಪ್ರೋಗ್ರಾಂಗಳು ಮದುವೆ ಮುಗಿದ ಮನೆಯ ಹಾಗಿದ್ದವು. ಯಾವುದು ಬೇಕು, ಯಾವುದು ಬೇಡ ಎಂದು ಹೇಳುವವರೇ ಇಲ್ಲ. ಅದನ್ನೆಲ್ಲ ಒಪ್ಪ ಮಾಡುವ ಕೆಲಸ ಸೋಮನೂರಿನ ಕನ್ನಡ ಮಾತಿನ ನೇಕಾರರ ಮನೆಯ ಸುಶೀಲಳ ತಲೆಗೆ ಬಂತು. ಒಂದು ಸಾಲು ಕಿತ್ತರೂ ಸರಿ, ಏನು ಕಿತ್ತೆ, ಏಕೆ ಕಿತ್ತೆ, ಹೇಗೆ ಪರೀಕ್ಷಿಸಿದೆ ಎಂದು ರಿಜಿಸ್ಟರಿನಲ್ಲಿ ಅರ್ಧ ಪುಟ ಬರೆಯುವಳು. ಹಿರಿಯ ಪ್ರೋಗ್ರಾಮರ್ ನಾಗರಾಜನಿಗೆ ಅದೊಂದು ತಮಾಷೆ.

“ಏನಮ್ಮಾ, ಕಸ ಗುಡ್ಸಿದ್ದಕ್ಕೂ ಪುರಾಣ ಬರೀತೀಯಲ್ಲ?”

“ಅದು ಕಸ ಅಂತ ನಮಗ್ ಗೊತ್ತಣ್ಣಾ. ನಾಳೆ ಬರೋರಿಗ್ ಗೊತ್ತಾಗ್ಬೇಕಲ್ಲ.”

ಯಾವ ಊರಿನ ಮಗ್ಗಗಳಿಗೆ ಯಾವ ದಿನ ನೂಲು ಸುತ್ತಿದ ದೊಡ್ಡ ಉರುಳೆ, ಅಂದರೆ ಬೀಮು, ಹೋಗಬೇಕೆಂದು ಪಟ್ಟಿ ಅಚ್ಚು ಹಾಕುತ್ತಿದ್ದುದು ಕಂಪ್ಯೂಟರೇ. ಆಗಸ್ಟಿನ ಒಂದು ಸೋಮವಾರ, ಅಮಾವಾಸ್ಯೆಯ ದಿನ, ಅದು ಸೋಮನೂರಿಗೆ ಪಟ್ಟಿ ಕೊಟ್ಟಿತು. ಅಮಾವಾಸ್ಯೆಗೆ ಅಲ್ಲಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಹೊಸ ಡ್ರೈವರ್ ಬೀಗ ಹಾಕಿದ ಶೆಡ್ಡುಗಳನ್ನು ಸುತ್ತಿ, ತುಂಬಿದ ಲಾರಿಯನ್ನು ಹಾಗೇ ವಾಪಸು ತಂದ. ಅತ್ತ, ಆ ದಿನ ಲಾರಿ ಹೋಗಬೇಕಿದ್ದ ಪಲ್ಲಡದಲ್ಲಿ ಬೀಮಿಲ್ಲದೆ ಮಗ್ಗಗಳು ನಿಂತವು.

ಮ್ಯಾನೇಜರ್ ಬಾಲಸುಬ್ರಮಣಿಯನ್ ತಮಿಳಿನಲ್ಲಿ ಕೂಗಾಡಿದರು. ಆರು ತಿಂಗಳಿಂದ ಆ ಹುಡುಗಿ ಕಿತ್ತಿದ್ದೇ ಕಿತ್ತಿದ್ದು. ಎಲ್ಲಿ ಕೆಡಿಸಿದ್ದಾಳೆಂದು ಸಂಜೆಯೊಳಗೆ ಹುಡುಕಿ ಕೊಡು, ನಾಳೆಯಿಂದ ಅವಳು ಬರೀ ಟೈಪಿಂಗಿಗೆ ಎಂದು ನಾಗರಾಜನಿಗೆ ಹೇಳಿದರು.

ನಾಗರಾಜ ಮೊದಲ ಬಾರಿ ಆ ರಿಜಿಸ್ಟರನ್ನು ಕೂತು ಓದಿದ. ಓದುತ್ತಾ ಓದುತ್ತಾ ಅವನ ನಗೆ ಎಲ್ಲೋ ಹೋಯಿತು. ಎಂತಹ ಕೆಲಸ! ಪ್ರೋಗ್ರಾಂ ತೆರೆಯದೆಯೇ ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ‘ಪ್ರೋಗ್ರಾಮಿನ ಈ ಭಾಗವನ್ನು ಬೇರೆ ಯಾವ ಭಾಗವೂ ಬಳಸುವುದಿಲ್ಲ, ನಲವತ್ತೆರಡು ಪುಟ ನೋಡಿ ತೆಗೆದೆ. ಮೊದಲಿನ ಪಟ್ಟಿ, ನಂತರದ ಪಟ್ಟಿ ಎರಡೂ ಒಂದೇ, ಜೊತೆಗೆ ಕಟ್ಟಿಟ್ಟಿದ್ದೇನೆ.’ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದಿದ್ದಳು. ಜೂನಿನ ಪುಟದಲ್ಲಿ ಹೀಗಿತ್ತು: ‘೨೯, ೫೯, ೮೮, ೧೧೮ ಎಂದು ಹನ್ನೆರಡು ಅಂಕಿಗಳಿವೆ. ಕಸದ ಹಾಗೆ ಕಾಣುತ್ತವೆ. ಇವು ಈ ವರ್ಷದ ಅಮಾವಾಸ್ಯೆಗಳು, ಜನವರಿ ಒಂದರಿಂದ ಎಣಿಸಿದರೆ ಎಷ್ಟನೇ ದಿನ ಎಂದು. ಆ ದಿನ ಸೋಮನೂರಿಗೆ ಪಟ್ಟಿ ಬರಬಾರದು. ತೆಗೆದಿಲ್ಲ, ಯಾರೂ ತೆಗೆಯಬೇಡಿ.’

ಇನ್ನೂ ಕೆಲವು ಪುಟ ತಿರುಗಿಸಿದ. ಆಗಸ್ಟ್ ಹತ್ತು. ಒಂದೇ ಪದ: ‘ಕ್ಲೀನಪ್’. ಕೆಳಗೆ ಅವನದೇ ಸಹಿ.

ಆ ಅಂಕಿಗಳನ್ನು ಯಾರದೋ ಹಳೇ ಟೆಸ್ಟು ಎಂದು ಅಳಿಸಿದವನು ನಾಗರಾಜನೇ. ಅವನ ತಾತನೂ ಮಗ್ಗದವನೇ. ಮನೆ ಕೊಯಮತ್ತೂರಿಗೆ ಬಂದ ಮೇಲೆ ಅಮಾವಾಸ್ಯೆಯ ಲೆಕ್ಕ ಯಾರಿಗೆ ಬೇಕಿತ್ತು? ಅವನು ಬರೆದ ಆ ಒಂದು ಪದದಿಂದ ಯಾರೂ ಏನನ್ನೂ ಕಂಡುಹಿಡಿಯುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ಅವನು ಬಚಾವು. ಎಲ್ಲವನ್ನೂ ಬಿಚ್ಚಿ ಬರೆದವಳ ತಲೆಯ ಮೇಲೇ ಗೂಬೆ ಕೂರುತ್ತಿತ್ತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ರಿಜಿಸ್ಟರ್ ಹಿಡಿದು ಮ್ಯಾನೇಜರ ಮುಂದೆ ನಿಂತು, ಎರಡೂ ಪುಟ ತೋರಿಸಿ, “ನಾನೇ ಸಾರ್” ಎಂದ.

ಅವರು ಅವಳ ಪುಟವನ್ನು ಎರಡು ಸಲ ಓದಿದರು. ಆಮೇಲೆ ಅವನ ಪದದ ಮೇಲೆ ಬೆರಳಿಟ್ಟು, “ಅಂದರೆ ಏನಪ್ಪಾ ಇದು?” ಎಂದರು. ಇನ್ನು ಮೇಲೆ ಯಾರೇ ಏನೇ ಬದಲಿಸಿದರೂ ಸುಶೀಲ ಓದಿ ಸಹಿ ಹಾಕಿದ ಮೇಲೆಯೇ ಎಂದು ಅಲ್ಲೇ ಅಪ್ಪಣೆಯಾಯಿತು.

ಸಂಜೆ ನಾಗರಾಜ ಆ ಹನ್ನೆರಡು ಅಂಕಿಗಳನ್ನು ವಾಪಸು ಸೇರಿಸಿ, ಒಂದು ತುಂಬು ಪುಟ ಬರೆದು, ತಪ್ಪು ಯಾರದೆಂಬುದನ್ನೂ ಬಿಡದೆ ಬರೆದು, ಅವಳ ಮೇಜಿನ ಮುಂದೆ ನಿಂತ. ಸುಶೀಲ ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

“ಚೆಂದಾಗ್ ಬರ್ದಿದ್ದೀರಣ್ಣಾ. ಟೆಸ್ಟ್ ಯಾವ್ ತೇದಿಗ್ ಮಾಡಿದ್ರಿ?”

“ಅದು... ಇನ್ನೂ ಮಾಡಿಲ್ಲಮ್ಮಾ.”

ಅವಳು ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕಿ ರಿಜಿಸ್ಟರನ್ನು ಅವನ ಕಡೆಗೆ ತಳ್ಳಿದಳು. ನಾಗರಾಜ ಅದನ್ನೆತ್ತಿಕೊಂಡು, ಬಾಗಿಲಲ್ಲಿ ಚಪ್ಪಲಿ ಕಳಚಿ, ಮತ್ತೆ ಕಂಪ್ಯೂಟರ್ ಕೋಣೆಯೊಳಕ್ಕೆ ಹೋದ.